ಒಂದು ಶಿಲ್ಲಿಂಗಿನ ಪಟ: ಜಮೈಕಾದ ರಾಸ್ತಾಫಾರಿಗಳು ಹುಟ್ಟಿದ ಕಥೆ

ಬೆಳಗ್ಗೆ ಏಳು ಗಂಟೆಗೆ ಮೊದಲು ಬೋಡಿಮೆಟ್ಟಿನ ಚಹಾ ಅಂಗಡಿ ಮುಂದೆ ನಿಂತರೆ, ಬೋಡಿ ಕಡೆಯಿಂದ ಜೀಪುಗಳು ಒಂದರ ಹಿಂದೊಂದು ಹತ್ತಿ ಬರುವುದು ಕಾಣುತ್ತದೆ. 17 ಹೇರ್‌ಪಿನ್ ತಿರುವು ಹತ್ತಿ, ಒಳಗೆ ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬಿಕೊಂಡು, ಏಲಕ್ಕಿ ತೋಟಗಳಿಗೆ ಹೋಗುವ ಜೀಪುಗಳು. ಹಿಂದಿನ ಗಾಜಿನ ಮೇಲೆ ಅಯ್ಯಪ್ಪ, ಮುರುಗ, ಯೇಸು, ಸಿನಿಮಾ ನಟರು ಎಲ್ಲರೂ ಇರುತ್ತಾರೆ. ನಮ್ಮ ದೊಡ್ಡಪ್ಪನ ಮೊಮ್ಮಗನ ಜೀಪಿನ ಮೇಲೆ ಮಾತ್ರ ಬೇರೆ ಒಬ್ಬ ಇದ್ದ. ಕಪ್ಪು ಮೈಯವನು, ಜಡೆಗಟ್ಟಿದ ಕೂದಲು ಹೆಗಲ ಮೇಲೆ ಬಿದ್ದಿದೆ. ಹಿಂದೆ ಕೆಂಪು, ಹಳದಿ, ಹಸಿರು ಬಣ್ಣ.

"ಯಾರೋ ಅದು?" ಅಂದೆ.

"ಬಾಬ್ ಮಾರ್ಲಿ ಚಿಕ್ಕಪ್ಪ. ದೊಡ್ಡ ಹಾಡುಗಾರ."

"ಕೂದಲು ಯಾಕೆ ಹಂಗೆ ಬಿಟ್ಟವನೆ?"

"ಅದು ಸ್ಟೈಲು."

ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು, "ಸ್ಟೈಲೂ ಇಲ್ಲ ಮಣ್ಣೂ ಇಲ್ಲ, ಗಾಂಜಾ ಗಿರಾಕಿ ಅವನು" ಅಂದುಬಿಟ್ಟರು. ಎಲ್ಲರೂ ನಕ್ಕರು, ಹುಡುಗನೂ ನಕ್ಕ. ನಾನೂ ನಕ್ಕೆ. ಆದರೆ ಆ ನಗು ನನಗೆ ಸರಿಬರಲಿಲ್ಲ. ಮೂವತ್ತು ವರ್ಷ ಒಂದು ತೋಟದಲ್ಲಿ ಕೂಲಿಯವರ ಲೆಕ್ಕ ಬರೆದವನು ನಾನು. ಆ ಕೂದಲಿನ ಹಿಂದೆ ಇರುವುದು ಕೂಡ ತೋಟದ ಕೂಲಿಗಳ ಕಥೆಯೇ ಅಂತ ಓದಿ ತಿಳಿದಿದ್ದೆ. ಅವತ್ತು ಅಲ್ಲಿ ನಿಂತು ಹೇಳಲು ಆಗದ ಮಾತನ್ನು ನಮ್ಮ ವಾಚನಾಲಯದ ಈ ಪುಸ್ತಕಕ್ಕೆ ಬರೆದು ಕೊಡುತ್ತಿದ್ದೇನೆ. ಓದಿದ ಮೇಲೆ ನಗಬೇಕು ಅನ್ನಿಸಿದರೆ ನಗಿ.

ಇನ್ನೊಂದು ಕಾರಣವೂ ಇದೆ. ಕಂಬಂ ಕಣಿವೆಯ ಕನ್ನಡದ ಮನೆಗಳಲ್ಲಿ ಹುಟ್ಟಿದವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಬೆಟ್ಟದ ಆಚೆ ಮಲಯಾಳ. "ನಮ್ಮೂರು ಯಾವುದು ತಾತ?" ಅಂತ ಕೇಳಿದರೆ ನಮ್ಮ ತಾತ ಬೋಡಿ ಅನ್ನುತ್ತಿರಲಿಲ್ಲ, ಕಂಬಂ ಅನ್ನುತ್ತಿರಲಿಲ್ಲ. ಉತ್ತರಕ್ಕೆ ಕೈ ತೋರಿಸಿ "ತುಂಗಭದ್ರೆ ದಂಡೆ" ಅನ್ನುತ್ತಿದ್ದರು. ಅವರು ಆ ನದಿಯನ್ನು ಕಂಡವರಲ್ಲ. ಅವರ ತಾತನೂ ಕಂಡವರಲ್ಲ. ಕಾಣದ ಊರನ್ನು ಸ್ವಂತ ಊರು ಅನ್ನುವುದು ನಮಗೆ ಹೊಸದಲ್ಲ. ಜಮೈಕಾದ ಬಡವರು ಮಾಡಿದ್ದೂ ಇದನ್ನೇ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 12,000 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದ ಒಬ್ಬ ರಾಜನನ್ನು ದೇವರು ಅಂದರು. ಯಾಕೆ ಅಂದರು ಅನ್ನುವುದೇ ಇಲ್ಲಿನ ವಿಷಯ.

ಜಮೈಕಾ ಅಮೆರಿಕದ ಹತ್ತಿರ ಕೆರಿಬಿಯನ್ ಸಮುದ್ರದಲ್ಲಿರುವ ದ್ವೀಪ. ಸುಮಾರು 11,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಗಿಂತ ತುಸು ದೊಡ್ಡದು. ನಡುವೆ ನಮ್ಮ ಬೆಟ್ಟಗಳಂತೆಯೇ ಮಂಜು ಮುಸುಕಿದ ಬೆಟ್ಟಗಳು, ಅವುಗಳ ಇಳಿಜಾರಿನಲ್ಲಿ ಕಾಫಿ. ಕೆಳಗೆ ಬಯಲಿನಲ್ಲಿ ಕಬ್ಬು. ಕೊಲಂಬಸ್ 1494ರಲ್ಲಿ ಅಲ್ಲಿಗೆ ಬಂದ. ಮೊದಲು ಸ್ಪೇನಿನವರು ಆಳಿದರು, 1655ರಲ್ಲಿ ಇಂಗ್ಲಿಷರು ಕಿತ್ತುಕೊಂಡರು. ಕಬ್ಬು ಬೆಳೆದು ಸಕ್ಕರೆ ಮಾಡಿ ಯುರೋಪಿಗೆ ಕಳಿಸುವುದೇ ಕೆಲಸ. ಆ ಕೆಲಸಕ್ಕೆ ಆಫ್ರಿಕಾದಿಂದ ಜನರನ್ನು ಹಡಗಿನ ತಳದಲ್ಲಿ ಸರಪಳಿ ಹಾಕಿ ತಂದರು. ತಂದವರಿಗೆ ಹೆಸರು ಬದಲಾಯಿತು, ಮಾತು ಹೋಯಿತು, ಯಾವ ಊರಿನವರು ಅನ್ನುವುದೂ ಎರಡು ತಲೆಮಾರಿನಲ್ಲಿ ಮರೆತುಹೋಯಿತು. ನಮಗೆ ತಾತ ತೋರಿಸಲು ಒಂದು ದಿಕ್ಕಾದರೂ ಇತ್ತು. ಅವರಿಗೆ ಉಳಿದದ್ದು "ಆಫ್ರಿಕಾ" ಅನ್ನುವ ಒಂದು ಪದ ಅಷ್ಟೇ.

ಗುಲಾಮಗಿರಿ ರದ್ದಾಗುವ ಹೊತ್ತಿಗೆ ದ್ವೀಪದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಗುಲಾಮರಿದ್ದರು. ಕಾಯಿದೆ ಜಾರಿಯಾದದ್ದು 1834ರ ಆಗಸ್ಟ್ 1ರಂದು. ಆಮೇಲೂ "ಕೆಲಸ ಕಲಿಯುವವರು" ಅಂತ ಹೆಸರು ಬದಲಿಸಿ ನಾಲ್ಕು ವರ್ಷ ದುಡಿಸಿದರು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಆಗ ಬ್ರಿಟಿಷ್ ಸರ್ಕಾರ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ ಗೊತ್ತೆ? ಗುಲಾಮರಿಗಲ್ಲ, ಗುಲಾಮರನ್ನು ಕಳೆದುಕೊಂಡ ಒಡೆಯರಿಗೆ. ದುಡಿದವನಿಗೆ ಒಂದು ತುಂಡು ನೆಲವೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ಮತ್ತೆ ಅದೇ ತೋಟಕ್ಕೆ ಕೂಲಿಗೆ ಹೋಗಬೇಕು, ಇಲ್ಲವೇ ಬೆಟ್ಟದ ಬಂಜರಿನಲ್ಲಿ ಗೆಡ್ಡೆ ಅಗೆದು ತಿನ್ನಬೇಕು.

1865ರಲ್ಲಿ ಪಾಲ್ ಬೋಗಲ್ ಅನ್ನುವ ಸಣ್ಣ ರೈತ, ಚರ್ಚಿನ ಹಿರಿಯ, ತನ್ನ ಜನರನ್ನು ಕರೆದುಕೊಂಡು ಗವರ್ನರನ ಬಳಿ ಕಷ್ಟ ಹೇಳಿಕೊಳ್ಳಲು ನಡೆದುಕೊಂಡೇ ಹೋದ. ಗವರ್ನರ್ ಭೇಟಿ ಕೊಡಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಮೊರಾಂಟ್ ಬೇ ಅನ್ನುವ ಊರಿನಲ್ಲಿ ದಂಗೆ ಎದ್ದಿತು. ಸರ್ಕಾರ ನಾನೂರಕ್ಕೂ ಹೆಚ್ಚು ಜನರನ್ನು ಕೊಂದು ಅದನ್ನು ಅಡಗಿಸಿತು. ಬೋಗಲ್‌ನನ್ನು ಗಲ್ಲಿಗೆ ಹಾಕಿದರು. ಮೊರಾಂಟ್ ಬೇ ಅನ್ನುವ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಈ ಕಥೆಯಲ್ಲಿ ನಮ್ಮ ದೇಶದವರೂ ಇದ್ದಾರೆ. ಬಿಡುಗಡೆಯಾದವರು ಕಡಿಮೆ ಕೂಲಿಗೆ ಒಪ್ಪದಿದ್ದಾಗ ತೋಟದವರು ಭಾರತದ ಕಡೆ ತಿರುಗಿದರು. 1845ರ ಮೇ ತಿಂಗಳಲ್ಲಿ 'ಬ್ಲಂಡೆಲ್' ಅನ್ನುವ ಹಡಗು ಭಾರತದ ಕರಾರು ಕೂಲಿಗಳನ್ನು ಜಮೈಕಾಕ್ಕೆ ತಂದು ಇಳಿಸಿತು. 1917ರಲ್ಲಿ ಈ ಪದ್ಧತಿ ನಿಲ್ಲುವವರೆಗೆ ಸುಮಾರು 36,000 ಜನ ಹೀಗೆ ಹೋದರು. ಹೆಚ್ಚಿನವರು ಕಲ್ಕತ್ತಾ ಬಂದರಿನಿಂದ ಹತ್ತಿದ ಉತ್ತರದವರು. ನಮ್ಮ ಕಡೆಯ ಕಂಗಾಣಿ ಪದ್ಧತಿ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಗಾಣಿ ಊರಿಗೆ ಬರುತ್ತಾನೆ, ಮುಂಗಡ ಕೊಡುತ್ತಾನೆ, ಬೆಟ್ಟ ಹತ್ತಿಸುತ್ತಾನೆ. ಆಮೇಲೆ ಲೈನು ಮನೆಯ ಒಂದೇ ಕೋಣೆ, ತೀರದ ಸಾಲ. ಅಲ್ಲಿ ಬೆಟ್ಟದ ಬದಲು ಸಮುದ್ರ ಇತ್ತು, ಹೆಬ್ಬೆಟ್ಟು ಒತ್ತಿದ ಕರಾರಿತ್ತು. ಆ ಕೂಲಿಗಳು ತಮ್ಮ ಜೊತೆ ಕೆಲವು ಅಡುಗೆ, ಕೆಲವು ದೇವರು, ಒಂದು ಗಿಡ ತೆಗೆದುಕೊಂಡು ಹೋದರು. ಆ ಗಿಡದ ಹೆಸರು ಇವತ್ತಿಗೂ ಜಮೈಕಾದಲ್ಲಿ 'ಗಾಂಜಾ' ಎಂದೇ.

ಈಗ ಧರ್ಮದ ವಿಷಯಕ್ಕೆ ಬರೋಣ. ಗುಲಾಮರಿಗೆ ಓದಲು ಸಿಕ್ಕ ಪುಸ್ತಕ ಒಂದೇ, ಬೈಬಲ್. ಅದರಲ್ಲಿ ಇಸ್ರೇಲಿನ ಜನ ಪರದೇಶದಲ್ಲಿ ಸೆರೆಯಾಗಿ, ಬ್ಯಾಬಿಲೋನ್ ಅನ್ನುವ ಪಟ್ಟಣದಲ್ಲಿ ಊರು ನೆನೆದು ಅಳುವ ಕಥೆ ಬರುತ್ತದೆ. "ಇದು ನಮ್ಮ ಕಥೆಯೇ" ಅಂದುಕೊಂಡರು. ಅದೇ ಪುಸ್ತಕದಲ್ಲಿ ಇಥಿಯೋಪಿಯಾದ ಹೆಸರು ಹಲವು ಕಡೆ ಬರುತ್ತದೆ, ಗೌರವದಿಂದ ಬರುತ್ತದೆ. ತಮ್ಮ ಆಫ್ರಿಕಾವನ್ನು ಆ ಹೆಸರಿನಿಂದ ಕರೆಯಲು ಶುರುಮಾಡಿದರು. ಅದು ಬರೀ ಪುಸ್ತಕದ ಹೆಸರೂ ಆಗಿರಲಿಲ್ಲ. 1896ರ ಮಾರ್ಚಿನಲ್ಲಿ ಅಡ್ವಾ ಅನ್ನುವ ಸ್ಥಳದಲ್ಲಿ ಇಥಿಯೋಪಿಯಾದ ದೊರೆ ಎರಡನೆಯ ಮೆನೆಲಿಕ್ ಇಟಲಿಯ ಸೈನ್ಯವನ್ನು ಸೋಲಿಸಿದ. ಬಿಳಿಯರು ಆಫ್ರಿಕಾವನ್ನೆಲ್ಲ ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ ಒಬ್ಬ ಕರಿಯ ರಾಜ ಯುದ್ಧದಲ್ಲಿ ಗೆದ್ದು ತನ್ನ ನೆಲ ಉಳಿಸಿಕೊಂಡದ್ದು ಸಣ್ಣ ಸುದ್ದಿಯಲ್ಲ.

ಆ ಕಾಲದಲ್ಲೇ ಜಮೈಕಾದ ಆಗಸ್ಟ್ ಟೌನ್ ಅನ್ನುವಲ್ಲಿ ಅಲೆಕ್ಸಾಂಡರ್ ಬೆಡ್‌ವರ್ಡ್ ಅನ್ನುವ ಬೋಧಕ ಸಾವಿರಾರು ಬಡವರನ್ನು ಸೇರಿಸುತ್ತಿದ್ದ. ನದಿಯ ನೀರಿನಿಂದ ರೋಗ ವಾಸಿ ಮಾಡುತ್ತಾನೆ ಅಂತ ಜನ ಬರುತ್ತಿದ್ದರು. 1920ರ ಕೊನೆಯ ದಿನ ತಾನು ಸ್ವರ್ಗಕ್ಕೆ ಏರಿ ಹೋಗುತ್ತೇನೆ ಅಂದ, ಏರಲಿಲ್ಲ. ಮರುವರ್ಷ ಸರ್ಕಾರ ಅವನನ್ನು ಹುಚ್ಚಾಸ್ಪತ್ರೆಗೆ ಹಾಕಿತು. 1930ರಲ್ಲಿ ಅಲ್ಲೇ ತೀರಿಕೊಂಡ. ನಗು ಬರುವ ಕಥೆಯೇ. ಆದರೆ ಹಾರಿಹೋಗಬೇಕು ಅನ್ನಿಸುವಷ್ಟು ನೆಲ ಸುಡುತ್ತಿದ್ದ ಜನ ಅವರು ಅನ್ನುವುದನ್ನೂ ಮರೆಯಬಾರದು.

ಇನ್ನೊಬ್ಬನ ದಾರಿ ಬೇರೆ. ಮಾರ್ಕಸ್ ಗಾರ್ವಿ, 1887ರಲ್ಲಿ ಜಮೈಕಾದಲ್ಲಿ ಹುಟ್ಟಿದವನು, ಅಚ್ಚುಮೊಳೆ ಜೋಡಿಸುವ ಕೆಲಸ ಕಲಿತವನು. 1914ರಲ್ಲಿ ಕರಿಯರ ಏಳಿಗೆಗೆ ಒಂದು ಸಂಘ ಕಟ್ಟಿದ. ಆಮೇಲೆ ನ್ಯೂಯಾರ್ಕಿಗೆ ಹೋದ ಮೇಲೆ ಅದು ಲಕ್ಷಾಂತರ ಜನರ ಸಂಘವಾಯಿತು. 1919ರಲ್ಲಿ 'ಬ್ಲ್ಯಾಕ್ ಸ್ಟಾರ್ ಲೈನ್' ಅಂತ ಹಡಗು ಕಂಪನಿಯನ್ನೇ ತೆರೆದ. ಕೂಲಿಯವರು, ಮನೆಗೆಲಸದವರು ಐದೈದು ಡಾಲರ್ ಕೊಟ್ಟು ಷೇರು ಕೊಂಡರು. ಕಂಪನಿ ಮುಳುಗಿತು. ಅಂಚೆ ಮೂಲಕ ವಂಚನೆ ಮಾಡಿದ ಅಂತ ಅಮೆರಿಕದಲ್ಲಿ ಅವನಿಗೆ ಜೈಲಾಯಿತು, 1927ರಲ್ಲಿ ಗಡೀಪಾರು ಮಾಡಿದರು. ಆದರೆ "ನಿನ್ನ ಮೈಬಣ್ಣಕ್ಕೆ ನೀನು ನಾಚಬೇಡ, ದೇವರನ್ನು ನಿನ್ನ ಕಣ್ಣಿನಿಂದ ನೋಡು" ಅನ್ನುವ ಅವನ ಬೋಧನೆ ಮುಳುಗಲಿಲ್ಲ. ಆಫ್ರಿಕಾದ ಕಡೆ ನೋಡಿ, ಅಲ್ಲಿ ಒಬ್ಬ ಕರಿಯ ರಾಜನಿಗೆ ಪಟ್ಟವಾಗುತ್ತದೆ ಅಂತ ಗಾರ್ವಿ ಮೊದಲೇ ಹೇಳಿದ್ದ ಎಂಬ ಮಾತು ಜನರ ಬಾಯಲ್ಲಿ ನಿಂತುಬಿಟ್ಟಿತು. ಅವನು ಹಾಗೆ ಬರೆದ ದಾಖಲೆ ಸಿಕ್ಕಿಲ್ಲ. ಆದರೂ ಜನ ನಂಬಿದರು.

1930ರ ನವೆಂಬರ್ 2ರಂದು ಅಡಿಸ್ ಅಬಾಬಾದಲ್ಲಿ ಪಟ್ಟ ಕಟ್ಟಿಯೇಬಿಟ್ಟರು. ಪಟ್ಟವಾದವನ ಹೆಸರು ತಫಾರಿ ಮಕೊನ್ನೆನ್. 'ರಾಸ್' ಅನ್ನುವುದು ಅವರ ಭಾಷೆಯಲ್ಲಿ ತಲೆ, ಮುಖ್ಯಸ್ಥ ಅನ್ನುವ ಬಿರುದು. ಹಾಗಾಗಿ ಅವನು ರಾಸ್ ತಫಾರಿ. ಪಟ್ಟವಾದ ಮೇಲೆ ಹೈಲೆ ಸೆಲಾಸಿ ಅಂತ ಹೆಸರಾಯಿತು, ತ್ರಯೇಕ ದೇವರ ಶಕ್ತಿ ಎಂದು ಅರ್ಥ. ರಾಜಾಧಿರಾಜ, ಯೆಹೂದ ಕುಲದ ಸಿಂಹ ಅನ್ನುವ ಬಿರುದುಗಳು ಆ ವಂಶಕ್ಕೆ ಹಿಂದಿನಿಂದಲೂ ಇದ್ದವು. ಇಂಗ್ಲೆಂಡಿನ ರಾಜ ತನ್ನ ಮಗನನ್ನೇ ಪಟ್ಟಾಭಿಷೇಕಕ್ಕೆ ಕಳಿಸಿದ್ದ. ಈ ಸುದ್ದಿ, ಚಿತ್ರ ಎಲ್ಲ ಜಮೈಕಾದ ಪತ್ರಿಕೆಗಳಿಗೂ ಬಂತು. ಓದಲು ಬಂದವರು ಬರದವರಿಗೆ ಓದಿ ಹೇಳಿದರು. ಬೈಬಲ್ಲಿನಲ್ಲಿ ಬರುವ ಬಿರುದುಗಳು ಒಬ್ಬ ಜೀವಂತ ಕರಿಯ ರಾಜನಿಗೆ ಇವೆ ಅಂದರೆ ಅವನು ಯಾರು?

"ಅವನೇ ದೇವರು" ಅಂತ ಬಾಯಿಬಿಟ್ಟು ಹೇಳಿದವರಲ್ಲಿ ಮುಖ್ಯನಾದವನು ಲೆನಾರ್ಡ್ ಹೊವೆಲ್. 1898ರಲ್ಲಿ ಜಮೈಕಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ದುಡಿದು, 1932ರಲ್ಲಿ ಹಿಂತಿರುಗಿದ. 1933ರಲ್ಲಿ ಸೇಂಟ್ ಥಾಮಸ್ ಸೀಮೆಯ ಕಬ್ಬು, ಬಾಳೆ ತೋಟಗಳ ಕೂಲಿಗಳ ನಡುವೆ ನಿಂತು ಭಾಷಣ ಮಾಡಿದ. ಕೈಯಲ್ಲಿ ಹೈಲೆ ಸೆಲಾಸಿಯ ಪಟ. ಒಂದು ಪಟಕ್ಕೆ ಒಂದು ಶಿಲ್ಲಿಂಗ್. ಆ ಪಟವೇ ಇಥಿಯೋಪಿಯಾಕ್ಕೆ ಹೋಗುವ ರಹದಾರಿ ಅಂತ ಜನ ನಂಬಿದರು. ಇಂಗ್ಲೆಂಡಿನ ರಾಜ ನಮ್ಮ ರಾಜನಲ್ಲ, ನಮ್ಮ ರಾಜ ಇವನು ಅಂದ. ಬಿಡುತ್ತಾರೆಯೇ? ರಾಜದ್ರೋಹದ ಮೊಕದ್ದಮೆ ಹಾಕಿದರು. 1934ರ ಮಾರ್ಚಿನಲ್ಲಿ ವಿಚಾರಣೆ ನಡೆಯಿತು. ನಡೆದದ್ದು ಎಲ್ಲಿ? ಮೊರಾಂಟ್ ಬೇಯಲ್ಲಿ. ಪಾಲ್ ಬೋಗಲ್‌ನ ಜನ ಸತ್ತ ಅದೇ ಊರಿನಲ್ಲಿ. ಎರಡು ವರ್ಷ ಜೈಲಾಯಿತು.

ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಂದು ದಿನದ ಕೂಲಿ ಎಷ್ಟು ಅಂತ ಮೂವತ್ತು ವರ್ಷ ಬರೆದವನಿಗೆ ಆ ಒಂದು ಶಿಲ್ಲಿಂಗ್ ಕಣ್ಣಿಗೆ ಹೊಡೆಯುತ್ತದೆ. ತೋಟದ ಕೂಲಿಗೆ ಅದು ಸುಮಾರು ಒಂದು ದಿನದ ದುಡಿಮೆ. ಅಷ್ಟು ಕೊಟ್ಟು ಅವನು ಕೊಂಡದ್ದು ಏನು? ಹೊವೆಲ್ ಮೋಸಗಾರ ಅಂತ ಆ ಕಾಲದ ದೊಡ್ಡವರು ಅಂದರು. ಇರಬಹುದು, ಪಟ ಹಿಡಿದು ಹಡಗು ಹತ್ತಿದವರು ಯಾರೂ ಇಲ್ಲ. ಆದರೆ ಆ ಕೂಲಿಯವನ ಗುಡಿಸಿಲಿನ ಗೋಡೆ ಮೇಲೆ ಮೊದಲ ಸಲ ತನ್ನ ಬಣ್ಣದವನೊಬ್ಬ ಕಿರೀಟ ಇಟ್ಟುಕೊಂಡು ಕೂತ. ಅಲ್ಲಿಯವರೆಗೆ ಆ ಗೋಡೆ ಮೇಲಿದ್ದ ರಾಜನೂ ಬಿಳಿ, ಯೇಸುವೂ ಬಿಳಿ, ತೋಟದ ದೊರೆಯೂ ಬಿಳಿ. ಹತ್ತಿರದ ರಾಜ ತನ್ನವನಲ್ಲದಿದ್ದರೆ ಮನುಷ್ಯ ದೂರದ ರಾಜನನ್ನು ಹುಡುಕುತ್ತಾನೆ.

ಹೊವೆಲ್ ಒಬ್ಬನೇ ಇದನ್ನು ಕಟ್ಟಲಿಲ್ಲ. ಜೋಸೆಫ್ ಹಿಬರ್ಟ್, ಆರ್ಚಿಬಾಲ್ಡ್ ಡಂಕ್ಲಿ, ರಾಬರ್ಟ್ ಹೈಂಡ್ಸ್ ಇವರೂ ಅದೇ ವರ್ಷಗಳಲ್ಲಿ ಬೋಧಿಸಿದರು. ಹಿಬರ್ಟ್ ಮತ್ತು ಡಂಕ್ಲಿ ಹೊವೆಲ್‌ನಿಂದ ಕೇಳಿದವರಲ್ಲ, ಬೈಬಲ್ ಓದಿ ತಾವೇ ಆ ತೀರ್ಮಾನಕ್ಕೆ ಬಂದವರು. ಹಾಗಾಗಿ ಈ ಮತಕ್ಕೆ ಒಬ್ಬ ಗುರು, ಒಂದು ಮಠ, ಒಂದು ಶಾಸ್ತ್ರ ಅಂತ ಮೊದಲಿಂದಲೂ ಇಲ್ಲ. ರಾಸ್ ತಫಾರಿಯ ಹೆಸರು ಹೇಳುವವರು, ಅದರಿಂದ ರಾಸ್ತಾಫಾರಿಗಳು, ಅಷ್ಟೆ.

ಹೊವೆಲ್ ಬರೆದ ಒಂದು ಸಣ್ಣ ಪುಸ್ತಕವಿದೆ. ಅದರ ಮೇಲೆ ಅವನು ಹಾಕಿಕೊಂಡ ಹೆಸರು ಹೊವೆಲ್ ಅಂತಲ್ಲ, ಜಿ. ಜಿ. ಮರಾಘ್ ಅಂತ. ಪೂರ್ತಿ ಹೇಳಿದರೆ ಗಂಗುಂಗುರು ಮರಾಘ್. ಗಟ್ಟಿಯಾಗಿ ಒಮ್ಮೆ ಓದಿ ನೋಡಿ. 'ಗುರು' ಕೇಳಿಸುತ್ತದೆ, 'ಮಹಾರಾಜ' ಕೇಳಿಸುತ್ತದೆ. ಕಬ್ಬಿನ ತೋಟದಲ್ಲಿ ಪಕ್ಕದ ಸಾಲಿನಲ್ಲಿ ಕೆಲಸ ಮಾಡುತ್ತಿದ್ದ ಭಾರತದ ಕೂಲಿಗಳಿಂದ ಬಂದ ಪದಗಳು ಇವು ಅಂತ ವಿದ್ವಾಂಸರು ಹೇಳುತ್ತಾರೆ. ಗಾಂಜಾವನ್ನು ಪೂಜೆಯ ವಸ್ತುವಾಗಿ ನೋಡುವುದು, ಜಟೆ ಬಿಡುವುದು, ಮಾಂಸ ಬಿಡುವುದು, ಇವುಗಳಲ್ಲೂ ನಮ್ಮ ಸಾಧುಗಳ ನೆರಳು ಕಾಣುವವರಿದ್ದಾರೆ. ಜಟೆಯ ವಿಷಯದಲ್ಲಿ ಎಲ್ಲರೂ ಒಪ್ಪುವುದಿಲ್ಲ. ಬೈಬಲ್ಲಿನಲ್ಲೇ ಕೂದಲು ಕತ್ತರಿಸಬಾರದು ಅನ್ನುವ ವ್ರತವಿದೆ, ಆಫ್ರಿಕಾದ ಹೋರಾಟಗಾರರೂ ಹಾಗೆ ಬಿಡುತ್ತಿದ್ದರು ಅನ್ನುತ್ತಾರೆ. ಗಾಂಜಾದ ಬಗ್ಗೆ ಮಾತ್ರ ಅನುಮಾನವಿಲ್ಲ, ಹೆಸರೇ ಸಾಕ್ಷಿ. 1913ರಲ್ಲೇ ಜಮೈಕಾ ಸರ್ಕಾರ ಅದನ್ನು ನಿಷೇಧಿಸಿತ್ತು. ಹಾಗಾಗಿ ರಾಸ್ತಾಗಳನ್ನು ಹಿಡಿಯಬೇಕು ಅಂದಾಗಲೆಲ್ಲ ಪೊಲೀಸರಿಗೆ ಕಾರಣ ಸುಲಭವಾಗಿ ಸಿಗುತ್ತಿತ್ತು. ನಮ್ಮ ಬೆಟ್ಟಗಳಲ್ಲಿ ಆ ಗಿಡ ಎಷ್ಟು ಮನೆ ಹಾಳು ಮಾಡಿದೆ ಅಂತ ನಮಗೆ ಗೊತ್ತು, ಅದನ್ನು ನಾನು ಹೊಗಳುವುದಿಲ್ಲ. ಆದರೆ ಆ ಮತವೆಂದರೆ ಆ ಗಿಡ ಮಾತ್ರ ಅನ್ನುವುದು, ನಮ್ಮ ಶಿವನೆಂದರೆ ಬೂದಿ ಮಾತ್ರ ಅಂದ ಹಾಗೆ.

1935ರ ಅಕ್ಟೋಬರಿನಲ್ಲಿ ಇಟಲಿಯ ಮುಸೊಲಿನಿ ಮತ್ತೆ ಇಥಿಯೋಪಿಯಾದ ಮೇಲೆ ಬಿದ್ದ. ವಿಮಾನದಿಂದ ವಿಷಾನಿಲ ಸುರಿಸಿದರು. 1936ರ ಮೇ ತಿಂಗಳಲ್ಲಿ ರಾಜ ದೇಶ ಬಿಟ್ಟು ಹೋಗಬೇಕಾಯಿತು. ಜೂನಿನಲ್ಲಿ ಜಿನೀವಾದ ರಾಷ್ಟ್ರಸಂಘದ ಮುಂದೆ ನಿಂತು ನ್ಯಾಯ ಕೇಳಿದ, ಯಾರೂ ನೆರವಿಗೆ ಬರಲಿಲ್ಲ. ದೇವರು ಅಂದವನು ಸೋತು ಓಡಿದ ಮೇಲೆ ಮತ ಮುಗಿಯಬೇಕಿತ್ತು. ಮುಗಿಯಲಿಲ್ಲ, ಬೆಳೆಯಿತು. ನಮ್ಮ ಹಾಗೆಯೇ ಅವನಿಗೂ ಅನ್ಯಾಯವಾಯಿತು ಅಂತ ಜನ ಇನ್ನೂ ಹತ್ತಿರವಾದರು. 1941ರ ಮೇ 5ರಂದು ಅವನು ಮತ್ತೆ ತನ್ನ ರಾಜಧಾನಿಗೆ ಬಂದಾಗ ಅವರ ನಂಬಿಕೆಗೆ ಮುದ್ರೆ ಬಿದ್ದ ಹಾಗಾಯಿತು. ಗಾರ್ವಿ ಮಾತ್ರ ಈ ರಾಜನನ್ನು ಖಾರವಾಗಿ ಟೀಕಿಸಿ ಬರೆದ. ತನ್ನ ಜನರನ್ನು ಬಿಟ್ಟು ಓಡಿದ, ಬಿಳಿಯರನ್ನು ನೆಚ್ಚಿಕೊಂಡ ಅಂದ. ರಾಸ್ತಾಗಳು ಗಾರ್ವಿಯನ್ನೂ ಬಿಡಲಿಲ್ಲ, ರಾಜನನ್ನೂ ಬಿಡಲಿಲ್ಲ.

ಜೈಲಿನಿಂದ ಬಂದ ಹೊವೆಲ್ 1940ರಲ್ಲಿ ಸ್ಲೈಗೋವಿಲ್ ಹತ್ತಿರದ ಬೆಟ್ಟದ ಮೇಲೆ 'ಪಿನಕಲ್' ಅಂದರೆ ಶಿಖರ ಅನ್ನುವ ವಸತಿ ಕಟ್ಟಿದ. ನೂರಾರು ಸಂಸಾರಗಳು ಅಲ್ಲಿ ಸೇರಿದವು. ತಾವೇ ಬೆಳೆದು, ತಾವೇ ತಿಂದು, ತೋಟದ ಕೂಲಿಗೆ ಹೋಗದೆ ಬದುಕಿದರು. ನನ್ನ ಮಟ್ಟಿಗೆ ಈ ಇತಿಹಾಸದಲ್ಲಿ ತುಂಬ ದೊಡ್ಡ ಸಂಗತಿ ಇದು, ದೇವರ ವಿಷಯಕ್ಕಿಂತ ದೊಡ್ಡದು. ಕೂಲಿಯವನು ಕೂಲಿಗೆ ಬರಲ್ಲ ಅಂದರೆ ಒಡೆಯನಿಗೆ ಅದಕ್ಕಿಂತ ದೊಡ್ಡ ದಂಗೆ ಬೇರೆ ಬೇಕಿಲ್ಲ. 1941ರಲ್ಲಿ ಪೊಲೀಸರು ನುಗ್ಗಿದರು, ಹಲವರನ್ನು ಹಿಡಿದರು. ಜನ ಮತ್ತೆ ಕಟ್ಟಿಕೊಂಡರು. 1954ರಲ್ಲಿ ಮತ್ತೆ ನುಗ್ಗಿ ಗುಡಿಸಿಲುಗಳನ್ನು ನಾಶಮಾಡಿದರು. ಹೊವೆಲ್‌ನನ್ನೂ ಬೆಡ್‌ವರ್ಡ್‌ನಂತೆಯೇ ಹುಚ್ಚಾಸ್ಪತ್ರೆಗೆ ಕಳಿಸಿದರು, ಒಂದಲ್ಲ ಹಲವು ಸಲ. ಬಡವನು ರಾಜನ ಮಾತು ಆಡಿದರೆ ಒಂದು ಜೈಲು, ಇಲ್ಲವೇ ಹುಚ್ಚಾಸ್ಪತ್ರೆ.

ಬೆಟ್ಟದಿಂದ ಎದ್ದ ಜನ ಕಿಂಗ್‌ಸ್ಟನ್ ಪಟ್ಟಣದ ಕೊಳೆಗೇರಿಗಳಿಗೆ ಇಳಿದರು. ಅಲ್ಲಿನ ಯುವಕರು ಇನ್ನೂ ಬಿಗಿಯಾದರು. 1940ರ ದಶಕದ ಕೊನೆಯಿಂದ ಜಟೆ ಬಿಡುವುದು ಹಬ್ಬಿತು. ಆ ಕಾಲದ ಜಮೈಕಾದಲ್ಲಿ ಕೂದಲು ಬಾಚದವನಿಗೆ ಕೆಲಸ ಇಲ್ಲ, ಮರ್ಯಾದೆ ಇಲ್ಲ. "ನಿಮ್ಮ ಕೆಲಸವೂ ಬೇಡ, ನಿಮ್ಮ ಮರ್ಯಾದೆಯೂ ಬೇಡ" ಅನ್ನುವುದನ್ನು ಅವರು ತಲೆಯ ಮೇಲೆಯೇ ಬರೆದುಕೊಂಡರು. ಉಪ್ಪು, ಮಾಂಸ ಬಿಟ್ಟ ಸಾದಾ ಊಟ, ಡೋಲಿನ ಭಜನೆ, ಬೈಬಲ್ಲಿನ ಮೇಲೆ ರಾತ್ರಿಯೆಲ್ಲ ಚರ್ಚೆ. ಸರ್ಕಾರ, ಪೊಲೀಸು, ದೊಡ್ಡ ಚರ್ಚು ಎಲ್ಲಕ್ಕೂ ಸೇರಿ ಒಂದೇ ಹೆಸರು, ಬ್ಯಾಬಿಲೋನ್. ಮಾತನ್ನೂ ಬದಲಿಸಿದರು. 'ನಾನು-ನೀನು' ಅನ್ನುವ ಕಡೆ 'ನಾನು ಮತ್ತು ನಾನು' ಅಂದರು. ಎದುರಿಗಿರುವವನೂ ನಾನೇ, ಇಬ್ಬರಲ್ಲೂ ದೇವರಿದ್ದಾನೆ ಅನ್ನುವ ಅರ್ಥ. ಹಾಗಂತ ಎಲ್ಲ ಸರಿಯಿತ್ತು ಅಂತಲ್ಲ. ಆರಂಭದ ಬೋಧನೆಗಳಲ್ಲಿ ಬಿಳಿಯರ ಮೇಲೆ ಹಗೆ ಇತ್ತು. ಹೆಣ್ಣುಮಕ್ಕಳನ್ನು ಹಿಂದೆಯೇ ಕೂರಿಸಿದರು. 'ನಾನು ಮತ್ತು ನಾನು' ಅಂದವರ ಆ 'ನಾನು'ವಿನಲ್ಲಿ ಹೆಂಗಸಿಗೆ ಸಿಕ್ಕ ಜಾಗ ಕಡಿಮೆ.

ಪಟ್ಟಣದ ದೊಡ್ಡ ಮನೆಯವರಿಗೆ ಅವರನ್ನು ಕಂಡರೆ ಭಯ, ಅಸಹ್ಯ. 1960ರಲ್ಲಿ ಕೆಲವು ರಾಸ್ತಾಗಳೇ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಹೋಗಿ, "ನಾವು ಯಾರು ಅಂತ ಬಂದು ನೋಡಿ ಬರೆಯಿರಿ" ಎಂದು ಕೇಳಿಕೊಂಡರು. ಎಂ. ಜಿ. ಸ್ಮಿತ್, ರಾಯ್ ಆಜಿಯರ್, ರೆಕ್ಸ್ ನೆಟಲ್‌ಫೋರ್ಡ್ ಎಂಬ ಮೂವರು ಅಧ್ಯಾಪಕರು ಕೊಳೆಗೇರಿಗಳಿಗೆ ಹೋಗಿ ಕೂತು ಕೇಳಿ ವರದಿ ಬರೆದರು. ಇವರಲ್ಲಿ ಹೆಚ್ಚಿನವರು ಶಾಂತ ಜನ, ಇವರಿಗೆ ಬೇಕಾದ್ದು ಮನೆ, ನೀರು, ಕೆಲಸ, ಪೊಲೀಸರ ಕಾಟದಿಂದ ಬಿಡುಗಡೆ, ಜೊತೆಗೆ ಆಫ್ರಿಕಾಕ್ಕೆ ಹೋಗುವ ದಾರಿ ಅಂತ ಬರೆದರು. ಶಾಲಾ ಮೇಷ್ಟ್ರುಗಳು ಓದುವ ಪುಸ್ತಕ ಇದು ಅಂತ ಗೊತ್ತಿದ್ದೇ ಈ ಮಾತು ಸೇರಿಸುತ್ತಿದ್ದೇನೆ. ಕಲಿತವನು ಹತ್ತಿರ ಹೋಗಿ ಕೂತು ಕೇಳಿದರೆ ಇಷ್ಟಾದರೂ ಆಗುತ್ತದೆ. ಅದರಿಂದ ಎಲ್ಲ ಬದಲಾಗಲಿಲ್ಲ. 1962ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಮರುವರ್ಷವೇ, 1963ರ ಈಸ್ಟರ್ ಹಬ್ಬದ ವಾರದಲ್ಲಿ, ಕೋರಲ್ ಗಾರ್ಡನ್ಸ್ ಅನ್ನುವಲ್ಲಿ ಜಗಳವಾಗಿ ಎಂಟು ಜನ ಸತ್ತರು. ಅದರ ನೆಪದಲ್ಲಿ ಸುತ್ತಲಿನ ರಾಸ್ತಾಗಳನ್ನೆಲ್ಲ ಹಿಡಿದು ಹೊಡೆದರು, ಜಟೆ ಕತ್ತರಿಸಿದರು. ಅದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ.

ಇನ್ನು ಆ ದೂರದ ಊರಿನ ಮಾತು. 1948ರಲ್ಲಿ ಹೈಲೆ ಸೆಲಾಸಿ ಯುದ್ಧಕಾಲದಲ್ಲಿ ನೆರವಾದ ಕರಿಯ ಜನಾಂಗದವರಿಗೆ ಅಂತ ಶಾಶಮನೆ ಎಂಬಲ್ಲಿ ಸುಮಾರು 500 ಎಕರೆ ಭೂಮಿ ಕೊಟ್ಟ. ಕೆಲವು ರಾಸ್ತಾಗಳು ನಿಜವಾಗಿಯೂ ಅಲ್ಲಿಗೆ ಹೋಗಿ ನೆಲೆಸಿದರು. ಹೋದವರಿಗೆ ಅಲ್ಲಿನ ಭಾಷೆ ಬರುವುದಿಲ್ಲ, ಅಲ್ಲಿನವರಿಗೆ ಇವರ ದೇವರು ಅರ್ಥವಾಗುವುದಿಲ್ಲ. ಅಲ್ಲಿನ ರೈತನಿಗೆ ಆ ರಾಜ ದೇವರಲ್ಲ, ಕಂದಾಯ ಕೇಳುವ ರಾಜ. ಅವನ ದೇಶದಲ್ಲಿ ಗುಲಾಮಗಿರಿ ಕಾಯಿದೆಯಿಂದ ಪೂರ್ತಿ ರದ್ದಾದದ್ದೇ 1942ರಲ್ಲಿ, ಜಮೈಕಾಕ್ಕಿಂತ ನೂರು ವರ್ಷ ತಡವಾಗಿ.

ಇದನ್ನು ಓದಿದಾಗ ನನಗೆ ನನ್ನದೇ ಒಂದು ಪ್ರಯಾಣ ನೆನಪಾಯಿತು. ತಾತ ತೀರಿಕೊಂಡ ಕೆಲವು ವರ್ಷಕ್ಕೆ ಬಸ್ಸು ಬದಲಿಸುತ್ತಾ ಹೊಸಪೇಟೆಗೆ ಹೋದೆ. ತುಂಗಭದ್ರೆಯನ್ನು ನೋಡಬೇಕು, ಆ ನೀರು ಒಂದು ಬಾಟಲಿಯಲ್ಲಿ ತರಬೇಕು ಅಂತ. ದಂಡೆಯ ಹತ್ತಿರ ಒಂದು ಚಹಾ ಅಂಗಡಿ. ನನ್ನ ಮಾತು ಕೇಳಿ ಅಂಗಡಿಯವನು, "ನಿಮ್ ಕನ್ನಡ ಒಂಥರಾ ಐತಲ್ರೀ, ಯಾವೂರು?" ಅಂದ. "ಇದೇ ಊರು. ಬಿಟ್ಟು ಹೋಗಿ ನಾನೂರೈನೂರು ವರ್ಷ ಆಗಿರಬಹುದು" ಅಂದೆ. ಅವನು ನಕ್ಕು, "ಅಷ್ಟು ವರ್ಷಕ್ಕೆ ಬಂದೀರಿ, ಇನ್ನೊಂದು ಚಾ ಕುಡೀರಿ, ರೊಕ್ಕ ಬ್ಯಾಡ" ಅಂದ. ಒಳ್ಳೆಯ ಮನುಷ್ಯ. ಆದರೆ ಅವನಿಗೆ ನಾನು ಪರಊರಿನವನು. ನದಿಯ ಎದುರು ನಿಂತಾಗ ನನಗೂ ಹಾಗೆಯೇ ಅನ್ನಿಸಿತು. ನೀರು ತುಂಬಿಸಿಕೊಂಡೆ. ಬಸ್ಸಿನಲ್ಲಿ ಕೂತಾಗ ಮನಸ್ಸಿಗೆ ಬಂದದ್ದು ಏಲಕ್ಕಿ ಒಲೆಯ ವಾಸನೆ, ಬೋಡಿಯ ಮಾತು. ಅದಕ್ಕೆ ತಾತನ ಮಾತು ಸುಳ್ಳೆಂದು ನಾನು ಹೇಳಲಾರೆ. ಆ ನದಿಯ ಹೆಸರು ಇಲ್ಲದಿದ್ದರೆ ಇಷ್ಟು ತಲೆಮಾರು ಈ ಕಣಿವೆಯಲ್ಲಿ ನಮ್ಮ ಮಾತು ಉಳಿಯುತ್ತಿತ್ತೆ?

ಜಮೈಕಾದವರಿಗೆ ಉತ್ತರ ಸಿಕ್ಕಿದ್ದು 1966ರ ಏಪ್ರಿಲ್ 21ರಂದು. ಅವತ್ತು ಹೈಲೆ ಸೆಲಾಸಿ ಸ್ವತಃ ಕಿಂಗ್‌ಸ್ಟನ್ನಿಗೆ ಬಂದಿಳಿದ. ವಿಮಾನ ನಿಲ್ದಾಣದಲ್ಲಿ ಸುಮಾರು ಒಂದು ಲಕ್ಷ ಜನ. ಕೊಳೆಗೇರಿಯಿಂದ, ಬೆಟ್ಟದಿಂದ, ಡೋಲು ಬಾವುಟ ಹಿಡಿದು ಬಂದ ರಾಸ್ತಾಗಳು ಬೇಲಿ ದಾಟಿ ವಿಮಾನದ ರೆಕ್ಕೆಯ ಕೆಳಗೇ ಸೇರಿಬಿಟ್ಟರು. ರಾಜ ಬಾಗಿಲಿಗೆ ಬಂದವನು ಜನರನ್ನು ನೋಡಿ ಒಳಗೇ ಹೋದ. ಪೊಲೀಸರ ಕೈಯಲ್ಲಿ ಏನೂ ಆಗಲಿಲ್ಲ. ಕೊನೆಗೆ ರಾಸ್ತಾ ಹಿರಿಯ ಮಾರ್ಟಿಮರ್ ಪ್ಲಾನೊ ಮೆಟ್ಟಿಲು ಹತ್ತಿ, ರಾಜನಿಗೆ ದಾರಿ ಬಿಡಿ ಅಂತ ಜನರನ್ನು ಕೇಳಿಕೊಂಡ. ಜನ ದಾರಿ ಬಿಟ್ಟರು. ಯಾರನ್ನು ಹುಚ್ಚರು, ಕಳ್ಳರು ಅಂತ ಓಡಿಸುತ್ತಿದ್ದರೋ ಅವರಲ್ಲೊಬ್ಬನಿಲ್ಲದೆ ಸರ್ಕಾರದ ಅತಿಥಿ ಕೆಳಗೆ ಇಳಿಯಲು ಆಗಲಿಲ್ಲ. ಅವತ್ತು ಜಟೆಯ ಜನರನ್ನು ಮೊದಲ ಸಲ ಗವರ್ನರ್ ಜನರಲರ ಬಂಗಲೆಗೆ ಔತಣಕ್ಕೆ ಕರೆದರು.

ರಾಜ ತಾನು ದೇವರೆಂದು ಹೇಳಲಿಲ್ಲ. ಅವನು ತನ್ನ ದೇಶದ ಹಳೆಯ ಕ್ರೈಸ್ತ ಸಭೆಯ ಭಕ್ತ, ಕೊನೆಯವರೆಗೂ ಹಾಗೆಯೇ ಇದ್ದ. ಆದರೆ ಹಿರಿಯ ರಾಸ್ತಾಗಳಿಗೆ ಅವನು ಒಂದು ಮಾತು ಹೇಳಿ ಹೋದ ಅಂತ ಅವರ ನಡುವೆ ಹೇಳಿಕೊಳ್ಳುತ್ತಾರೆ. ಮೊದಲು ನೀವಿರುವ ಜಮೈಕಾದಲ್ಲಿ ಬಿಡುಗಡೆ ಪಡೆಯಿರಿ, ಆಮೇಲೆ ಇಥಿಯೋಪಿಯಾಕ್ಕೆ ಬನ್ನಿ ಎಂದು. ಆಮೇಲಿನ ಹತ್ತು ವರ್ಷ ಅವರು ಮಾಡಿದ್ದೂ ಅದನ್ನೇ. ಹಡಗು ಕಾಯುವುದು ಕಡಿಮೆಯಾಯಿತು, ಊರಿನೊಳಗೆ ತಲೆ ಎತ್ತಿ ನಡೆಯುವುದು ಹೆಚ್ಚಾಯಿತು. ಬಾಬ್ ಮಾರ್ಲಿಯ ಹೆಂಡತಿ ರೀಟಾ ಅವತ್ತು ರಸ್ತೆಯಲ್ಲಿ ನಿಂತು ರಾಜನನ್ನು ಕಂಡವಳು. ಗಂಡ ಆಮೇಲೆ ಆ ಮತ ಹಿಡಿದ. ಅವನ ಹಾಡಿನ ಜೊತೆ ಅದು ಲೋಕವೆಲ್ಲ ಸುತ್ತಿ, ನಮ್ಮ ಬೋಡಿಮೆಟ್ಟಿನ ಜೀಪಿನ ಗಾಜಿಗೂ ಬಂತು.

ಕಂಬಮ್ಮಿನಲ್ಲಿ ನಮ್ಮ ಕಾಪ್ಪಿಲಿಯ ಒಕ್ಕಲಿಗರ ದೇವರ ಆವಿನ ಮಂದೆ ಇದೆಯಲ್ಲ, ತಮಿಳಿನಲ್ಲಿ ತಂಬಿರಾನ್ ಮಾಡು ಅನ್ನುತ್ತಾರೆ. ಕನ್ನಡ ನಾಡಿನಿಂದ ಬರುವಾಗ ಹೊಡೆದುಕೊಂಡು ಬಂದ ದನಗಳ ಸಂತತಿ ಅಂತ ಹಿರಿಯರ ನಂಬಿಕೆ. ಆ ಮಂದೆಗೂ ಒಬ್ಬ ರಾಜ ಉಂಟು, ಪಟ್ಟದ ಹೋರಿ. ಅದು ಸತ್ತರೆ ಮಂದೆಯ ಮುಂದೆ ಕಬ್ಬು ಇಟ್ಟು, ಬಂದು ಬಾಯಿ ಹಾಕಿದ ಹೋರಿಗೆ ಪಟ್ಟ ಕಟ್ಟುವ ಪದ್ಧತಿಯನ್ನು ನೂರು ವರ್ಷದ ಹಿಂದೆ ಥರ್ಸ್ಟನ್ ಸಾಹೇಬರ ಪುಸ್ತಕದಲ್ಲೂ ಬರೆದಿದ್ದಾರೆ. ಹೊರಗಿನವರು ಕಂಡರೆ, "ಒಂದು ದನಕ್ಕೆ ಪಟ್ಟವೇ?" ಅಂತ ನಗಬಹುದು. ನಕ್ಕರೆ ನಮಗೆ ನೋವಾಗುತ್ತದೆ. ಯಾಕೆ ನೋವು ಅಂತ ಅವರಿಗೆ ಬಿಡಿಸಿ ಹೇಳಲು ನಮಗೆ ಬರುವುದಿಲ್ಲ. ಜಮೈಕಾದ ಆ ಕೂಲಿಯವನಿಗೂ ತನ್ನ ಒಂದು ಶಿಲ್ಲಿಂಗಿನ ಪಟದ ಬಗ್ಗೆ ಹೇಳಲು ಬಂದಿರಲಿಕ್ಕಿಲ್ಲ.

ಹುಡುಗನಿಗೆ ಇದನ್ನೆಲ್ಲ ಒಂದು ಸಂಜೆ ಹೇಳಿದೆ. ಪೂರ್ತಿ ಕೇಳಿದ. "ಹಂಗಾದ್ರೆ ಇವರೂ ತೋಟದವರೇ ಚಿಕ್ಕಪ್ಪ" ಅಂದ. ಹೌದು ಅಂದೆ. ಮಾರನೆಯ ದಿನ ಬೆಂಚಿನ ಹಿರಿಯರು ಮತ್ತೆ ಗಾಂಜಾ ಅಂದರು. ಹುಡುಗ ಜೀಪು ನಿಲ್ಲಿಸಿ ಕೆಳಗಿಳಿದ. "ತಾತ, ಒಂದು ಟೀ ಹೇಳ್ತೀನಿ, ಕೂತ್ಕೊಂಡು ಕೇಳಿ" ಅಂದ. ಹಿಂದೆ ಕೂತಿದ್ದ ಹೆಂಗಸರು ಕೆಲಸಕ್ಕೆ ಹೊತ್ತಾಗುತ್ತೆ ಅಂತ ಕೂಗಿಕೊಂಡರು. ಅವತ್ತು ಆ ಜೀಪು ತೋಟಕ್ಕೆ ಹತ್ತು ನಿಮಿಷ ತಡವಾಗಿ ಹೋಯಿತು.